ಮಹಿಳೆಯರೇ ಹೆಚ್ಚಾಗಿರುವ ಕಸುಬುಗಳಲ್ಲಿ ಕೂಲಿ ಮತ್ತು ಮನ್ನಣೆ: ನಮ್ಮ ನಾಲ್ಕು ತಾಲ್ಲೂಕುಗಳನ್ನು ಕುರಿತ ಒಂದು ವಿವೇಚನೆ

ಸುಮಾರು ಮೂರು ದಶಕಗಳ ಹಿಂದೆ ಗಂಗಾವತಿಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಾಗ, ಕಿರ್ದಿ ಬರೆಯುವ ಕ್ರಮವನ್ನು ನನಗೆ ಕಲಿಸಿದವರು ಅಲ್ಲಿಯ ಹಿರಿಯ ಗುಮಾಸ್ತರು. ಹಮಾಲರ ಕೂಲಿಯನ್ನು ಹೆಸರು ಹಿಡಿದು ಬರೆಯಬೇಕು. ಯಾರು ಎಷ್ಟು ಚೀಲ ಇಳಿಸಿದರು, ಚೀಲಕ್ಕೆ ದರವೆಷ್ಟು, ಮುಂಗಡ ಎಷ್ಟು ಮುರಿದುಕೊಂಡದ್ದು, ಎಲ್ಲವೂ ಸಾಲಿನಲ್ಲಿ ಕಾಣಬೇಕು. ಕಾಳು ಹಸನು ಮಾಡುವ, ಚೆಲ್ಲಿದ ಧಾನ್ಯವನ್ನು ಗುಡಿಸಿ ಕೂಡಿಸುವ, ಹರಿದ ಚೀಲಕ್ಕೆ ಹೊಲಿಗೆ ಹಾಕುವ ಹೆಣ್ಣುಮಕ್ಕಳಿಗೆ ಮಾತ್ರ ಒಂದೇ ಸಾಲು: 'ಹೆಣ್ಣಾಳು 14', ಅದರ ಮುಂದೆ ಒಟ್ಟು ಮೊತ್ತ. ಖತಾವಣಿಯಲ್ಲಿ ಆ ಸಾಲು ಹೋಗಿ ಸೇರುತ್ತಿದ್ದುದು ಚಿಲ್ಲರೆ ಖರ್ಚಿನ ಪುಟಕ್ಕೆ. ಚಹಾ, ಸುತಳಿ, ಊದಿನಕಡ್ಡಿಗಳ ಜೊತೆಗೆ. ಅಂಗಡಿಯ ಯಜಮಾನರು ಸಜ್ಜನರು, ಯಾರ ಕೂಲಿಯನ್ನೂ ಮರುದಿನಕ್ಕೆ ಉಳಿಸಿದವರಲ್ಲ. ನನಗೂ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹಮಾಲರ ದರವು ಸಂಘದವರೂ ವರ್ತಕರೂ ಎದುರುಬದುರು ಕುಳಿತು ಗೊತ್ತುಮಾಡಿದ್ದು. ಹೆಣ್ಣಾಳಿನ ದರವು ಸಾಯಂಕಾಲ ಗಲ್ಲೆಯ ಮುಂದೆ ಗೊತ್ತಾಗುತ್ತಿದ್ದದ್ದು. ಇಷ್ಟೇ ವ್ಯತ್ಯಾಸವೆಂದು ತಿಳಿದಿದ್ದೆ.

ಈ ಲೇಖನದ ವಿಷಯ ಆ ಒಂದು ಸಾಲು. ಹೆಂಗಸರೇ ಹೆಚ್ಚಾಗಿ ಮಾಡುವ ಕೆಲಸಗಳಿಗೆ ಎಲ್ಲೆಡೆಯೂ ಕೂಲಿ ಕಡಿಮೆ, ಮನ್ನಣೆಯೂ ಕಡಿಮೆ ಎಂಬುದು ಸರ್ವವಿದಿತ. ಕೆಲಸದಲ್ಲಿ ಕೌಶಲ ಕಡಿಮೆಯಿರುವುದರಿಂದ ಬೆಲೆ ಕಡಿಮೆಯೋ, ಅಥವಾ ಹೆಂಗಸರು ಮಾಡುತ್ತಾರೆಂಬ ಕಾರಣಕ್ಕೇ ಅದರೊಳಗಿನ ಕೌಶಲ ನಮ್ಮ ಲೆಕ್ಕಕ್ಕೆ ಬಾರದೆ ಉಳಿದಿದೆಯೋ ಎಂಬುದು ಮಾತ್ರ ವಿಚಾರ ಮಾಡತಕ್ಕ ಪ್ರಶ್ನೆ. ವರ್ತಕರಾದ ನಮಗೆ ಇದು ದಾನಧರ್ಮದ ಪ್ರಶ್ನೆಯಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮುಖ್ಯ ಉದ್ದಿಮೆಗಳಲ್ಲಿ ಕನಿಷ್ಠ ಮೂರು ಹೆಂಗಸರ ಕೈಯ ಮೇಲೆ ನಿಂತಿವೆ. 'ಈಚೆಗೆ ಕೆಲಸಕ್ಕೆ ಜನವೇ ಸಿಗುವುದಿಲ್ಲ' ಎಂಬ ಮಾತು ನಮ್ಮ ಸಭೆಗಳಲ್ಲಿ ಪ್ರತಿ ತಿಂಗಳೂ ಕೇಳಿಬರುತ್ತಿರುವಾಗ, ಜನ ಸಿಗದಿರುವುದು ಯಾವ ದರಕ್ಕೆ ಎಂದು ಕೇಳಿಕೊಳ್ಳುವುದು ವ್ಯಾಪಾರದ ಮಾತೇ ಆಗಿದೆ.

ಭಾಗ್ಯನಗರದ ಕೂದಲು

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರವು ಮೊದಲು ನೇಕಾರಿಕೆಗೂ ಈಚಿನ ದಶಕಗಳಲ್ಲಿ ಮಾನವ ಕೂದಲಿನ ಸಂಸ್ಕರಣೆಗೂ ಹೆಸರಾಗಿದೆ. ಕೂದಲಿನ ವ್ಯಾಪಾರದಲ್ಲಿ ಎರಡು ಬಗೆ. ತಿರುಪತಿಯಂತಹ ಕ್ಷೇತ್ರಗಳಲ್ಲಿ ಭಕ್ತರು ಮುಡಿ ಕೊಟ್ಟ, ಬುಡ ತುದಿಗಳು ಒಂದೇ ದಿಕ್ಕಿನಲ್ಲಿರುವ ಉದ್ದನೆಯ ಕೂದಲು ಒಂದು. ಮನೆಮನೆಗಳಲ್ಲಿ ಬಾಚಣಿಗೆಗೆ ಸಿಕ್ಕಿ ಉದುರಿದ, ಬೀದಿ ವ್ಯಾಪಾರಿಗಳು ಪಾತ್ರೆ ಪಡಗಕ್ಕೋ ಹೇರ್‌ಪಿನ್ನಿಗೋ ಬದಲಾಗಿ ಕೊಂಡುತರುವ ಸಿಕ್ಕುಗೂದಲು ಇನ್ನೊಂದು. ನಮ್ಮ ಭಾಗದಲ್ಲಿ ಕೈಕೆಲಸ ಹೆಚ್ಚಾಗಿ ಬೇಡುವುದು ಈ ಎರಡನೆಯದು.

ಇದರ ಸಂಸ್ಕರಣೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಮುದ್ದೆಗಟ್ಟಿದ ಕೂದಲನ್ನು ಸೂಜಿಯಿಂದ, ಬೆರಳಿನಿಂದ ಎಳೆಎಳೆಯಾಗಿ ಬಿಡಿಸಬೇಕು. ಬಿಳಿಗೂದಲನ್ನು ಆರಿಸಿ ತೆಗೆಯಬೇಕು. ಅನಂತರ ತೊಳೆದು, ಒಣಗಿಸಿ, ಉದ್ದುದ್ದ ಹಲ್ಲಿನ ಹಣಿಗೆಯಲ್ಲಿ ಎಳೆದು, ಇಂಚಿನ ಲೆಕ್ಕದಲ್ಲಿ ವಿಂಗಡಿಸಿ ಕಟ್ಟು ಕಟ್ಟಬೇಕು. ಇದರಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಮೊದಲ ಹಂತ; ಅದು ನಡೆಯುವುದು ಸುತ್ತಲಿನ ಊರುಗಳ ಪಡಸಾಲೆ, ಕಟ್ಟೆಗಳ ಮೇಲೆ, ಬಹುತೇಕ ಪೂರ್ತಿಯಾಗಿ ಹೆಂಗಸರಿಂದ. ತೂಕ ಹಾಕುವುದು, ಸಾಗಿಸುವುದು, ಮಾರುವುದು ಗಂಡಸರ ಪಾಲಿಗೆ ಬಂದಿದೆ.

ಈಗ ಬೆಲೆಯ ಕಡೆಗೆ ನೋಡೋಣ. ಕೂದಲಿನ ಬೆಲೆ ನಿರ್ಧಾರವಾಗುವುದು ಮುಖ್ಯವಾಗಿ ಉದ್ದದ ಮೇಲೆ. ಬಿಡಿಸುವಾಗ ಅವಸರ ಮಾಡಿದರೆ ಎಳೆ ತುಂಡಾಗುತ್ತದೆ. ತುಂಡಾದ ಎಳೆ ಕೆಳಗಿನ ಇಂಚಿನ ಕಟ್ಟಿಗೆ ಇಳಿಯುತ್ತದೆ. ಸರಕಿನ ದರವೂ ಅದರೊಂದಿಗೆ ಇಳಿಯುತ್ತದೆ. ಅಂದರೆ ಒಂದು ಮೂಟೆ ಸರಕು ಯಾವ ದರಕ್ಕೆ ಹೋಗಬಲ್ಲದು ಎಂಬುದರ ಬಹುಪಾಲು ನಿರ್ಣಯವಾಗುವುದು ವ್ಯಾಪಾರಿಯ ಗೋದಾಮಿನಲ್ಲಲ್ಲ, ಆ ಹೆಣ್ಣುಮಗಳ ತೊಡೆಯ ಮೇಲೆ. ಆದರೆ ಆಕೆಗೆ ಕೊಡುವ ಕೂಲಿ ಸಾಮಾನ್ಯವಾಗಿ ತೂಕದ ಲೆಕ್ಕದ್ದು. ಉದ್ದ ಉಳಿಸಿಕೊಟ್ಟವಳಿಗೂ ಅವಸರದಲ್ಲಿ ಹರಿದವಳಿಗೂ ಗ್ರಾಮಿಗೆ ಅದೇ ಬಿಡಿಗಾಸು. ಹೀಗೆ ಕೊಟ್ಟರೆ ಯಾವ ಕೆಲಸಗಾರ್ತಿ ತಾಳ್ಮೆಯಿಂದ ಬಿಡಿಸಬೇಕು? ನಮ್ಮ ದರ ಕಟ್ಟುವ ಪದ್ಧತಿಯೇ ನಮ್ಮ ಸರಕನ್ನು ಹಾಳು ಮಾಡಿಕೊಳ್ಳುವ ಪದ್ಧತಿಯೆಂದು ನಾನು ಭಾವಿಸುತ್ತೇನೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಕಚ್ಚಾ ಕೂದಲು ಬಿಡಿಸದೆಯೇ ಮ್ಯಾನ್ಮಾರ್, ಚೀನಾ ಕಡೆಗೆ ಹರಿದುಹೋಗುತ್ತಿದೆ, ಇಲ್ಲಿಯ ಕೈಗಳಿಗೆ ಕೆಲಸವಿಲ್ಲವಾಗುತ್ತಿದೆ ಎಂದು ಉದ್ಯಮವು ಸರಕಾರದ ಬಾಗಿಲಿಗೆ ಹೋದದ್ದು ಎಲ್ಲರಿಗೂ ನೆನಪಿದೆ. 2022ರ ಜನವರಿಯಲ್ಲಿ ಕೇಂದ್ರವು ಕಚ್ಚಾ ಕೂದಲಿನ ರಫ್ತನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. 2024ರ ಮಾರ್ಚಿನಲ್ಲಿ ಕಿಲೋಗೆ 65 ಡಾಲರಿಗಿಂತ ಕಡಿಮೆ ಬೆಲೆಯ ಕಚ್ಚಾ ಕೂದಲಿನ ರಫ್ತನ್ನೇ ನಿಷೇಧಿಸಿತು. ಇವು ಒಳ್ಳೆಯ ಕ್ರಮಗಳೇ. ಆದರೆ ಮನವಿ ಪತ್ರ ಬರೆಯುವಾಗ ಹೆಂಗಸರ ತಲೆ ಎಣಿಸುವ ನಾವು, ಕೂಲಿಯ ಪುಸ್ತಕದಲ್ಲಿ ಅವರ ಹೆಸರು ಬರೆಯುವುದಿಲ್ಲ.

ಬೀಜದ ಹೊಲ, ನಾಟಿಯ ಗದ್ದೆ

ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಸೀಮೆಯಲ್ಲಿ ಕೊಳವೆ ಬಾವಿಯ ಸ್ವಲ್ಪ ನೀರಿದ್ದವರಿಗೆ ಸಂಕರಣ ಬೀಜೋತ್ಪಾದನೆ ಒಂದು ಆಸರೆಯಾಗಿ ಬಂತು. ಹತ್ತಿ, ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆ ಮುಂತಾದವುಗಳ ಬೀಜ ಇಲ್ಲಿಂದ ಹೊರಗೆ ಹೋಗುತ್ತದೆ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿಯ ಕಾಲದಿಂದಲೂ ಹತ್ತಿಯ ಸಂಕರಣ ಕೈಯಿಂದಲೇ ಆಗಬೇಕಾದ ಕೆಲಸ. ಮರುದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನದ ಮೇಲೆ ಗುರುತು ಹಿಡಿದು, ಎಸಳಿನ ಜೊತೆಗೆ ಪುಂಕೇಸರಗಳನ್ನು ಸುಲಿದು ತೆಗೆಯಬೇಕು. ಒಳಗಿನ ಅಂಡಾಶಯಕ್ಕೆ ಉಗುರು ತಾಗಬಾರದು. ಮರುದಿನ ಬೆಳಗಿನ ಹೊತ್ತಿನಲ್ಲಿಯೇ ಗಂಡು ಸಾಲಿನ ಹೂವು ತಂದು ಶಲಾಕೆಗೆ ಪರಾಗ ಸವರಬೇಕು. ಹೊತ್ತು ಏರಿದರೆ ಪರಾಗದ ಕಸುವು ಹೋಗುತ್ತದೆ. ಒಂದು ಕೇಸರ ಉಳಿದರೂ ಆ ಕಾಯಿಯಲ್ಲಿ ಸ್ವಪರಾಗದ ಬೀಜ ಬೆರೆಯಬಹುದು. ಇಂತಹ ತಪ್ಪು ಹೆಚ್ಚಾಗಿ ತಳಿ ಶುದ್ಧತೆಯ ಪರೀಕ್ಷೆಯಲ್ಲಿ ಬೀಜ ಸೋತರೆ ಇಡೀ ತಾಕಿನ ಮಾಲು ತಿರಸ್ಕೃತವಾಗುತ್ತದೆ. ಬೆಳೆಗಾರನ ಮನೆಯೇ ಅಲುಗಾಡುತ್ತದೆ.

ಇಷ್ಟು ಜವಾಬ್ದಾರಿಯ 'ಕ್ರಾಸಿಂಗ್' ಕೆಲಸಕ್ಕೆ ಹೆಂಗಸರನ್ನೇ, ಒಂದು ಕಾಲದಲ್ಲಿ ಶಾಲೆ ಬಿಡಿಸಿ ಎಳೆಯ ಹುಡುಗಿಯರನ್ನೂ ಹುಡುಕಿ ಕರೆಯುತ್ತಿದ್ದುದು ಏಕೆ? ಕೇಳಿದರೆ ಬರುವ ಉತ್ತರ ಒಂದೇ: 'ಹೆಣ್ಣುಮಕ್ಕಳ ಬೆರಳು ಸಣ್ಣವು, ಅವರಿಗೆ ತಾಳ್ಮೆ ಹೆಚ್ಚು.' ಹಾಗಿದ್ದರೆ ಆ ಬೆರಳಿಗೂ ತಾಳ್ಮೆಗೂ ಬೆಲೆ ಬೇಡವೇ ಎಂದು ಕೇಳಿದರೆ, 'ಅದು ಅವರಿಗೆ ಹುಟ್ಟಿನಿಂದ ಬಂದದ್ದು, ಕಲಿತದ್ದಲ್ಲ' ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಎಲ್ಲ ವಿಷಯದ ಗಂಟು ಇಲ್ಲಿಯೇ ಇದೆ. ಹಮಾಲನ ಹೆಗಲ ಬಲವೂ ಹುಟ್ಟಿನಿಂದ ಬಂದದ್ದೇ. ಅದಕ್ಕೆ ಚೀಲದ ಲೆಕ್ಕದಲ್ಲಿ ಬೆಲೆಯುಂಟು; ಭಾರ ಹೆಚ್ಚಾದರೆ ದರ ಹೆಚ್ಚು, ಲಾರಿಯ ಎತ್ತರಕ್ಕೆ ಬೇರೆ ದರ. ಗಂಡಸಿನ ಸಹಜ ಶಕ್ತಿಗೆ ಕೂಲಿ ಕಟ್ಟುವ ನಾವು ಹೆಂಗಸಿನ ಸಹಜ ಶಕ್ತಿಯೆಂದು ನಾವೇ ಹೆಸರಿಟ್ಟದ್ದನ್ನು ಬಿಟ್ಟಿಯಾಗಿ ಪಡೆಯುತ್ತೇವೆ. ಅಲ್ಲದೆ ಅದು ಸಹಜವೆಂಬ ಮಾತೂ ಪೂರ್ತಿ ನಿಜವಲ್ಲ. ಮೊದಲ ಹಂಗಾಮಿನಲ್ಲಿ ಬಂದವಳು ಎಷ್ಟು ಮೊಗ್ಗು ಕೆಡಿಸುತ್ತಾಳೆ, ಮೂರನೆಯ ಹಂಗಾಮಿಗೆ ಆಕೆಯ ಕೈ ಎಷ್ಟು ಚುರುಕಾಗುತ್ತದೆ ಎಂಬುದು ಬೀಜದ ಹೊಲ ಮಾಡಿದ ಪ್ರತಿಯೊಬ್ಬ ರೈತನಿಗೂ ಗೊತ್ತು. ಆದ್ದರಿಂದಲೇ ಅವರು ಹಳೆಯ ತಂಡದವರ ಮನೆಗೆ ತಿಂಗಳು ಮೊದಲೇ ಮುಂಗಡ ಕೊಟ್ಟುಬರುತ್ತಾರೆ. ಕಲಿಕೆಯಿಲ್ಲದ ಕೆಲಸಕ್ಕೆ ಯಾರೂ ಮುಂಗಡ ಕೊಟ್ಟು ಆಳನ್ನು ಕಾಯ್ದಿರಿಸುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಕಾರಟಗಿ, ಶ್ರೀರಾಮನಗರದ ಬಯಲಿನಲ್ಲಿ ಇದಕ್ಕೆ ಒಂದು ಪ್ರತ್ಯುದಾಹರಣೆ ದೊರೆಯುತ್ತದೆ. ಭತ್ತದ ನಾಟಿ ಹೆಂಗಸರ ಕೆಲಸ. ದಿನಗೂಲಿಯ ಲೆಕ್ಕದಲ್ಲಿ ಕೊಡುವಾಗ ಅದಕ್ಕೂ ಗಂಡಾಳಿಗಿಂತ ಕಡಿಮೆಯೇ ಇತ್ತು. ಆದರೆ ಕಾಲುವೆಗೆ ನೀರು ಬಿಟ್ಟ ಕೆಲವೇ ವಾರಗಳಲ್ಲಿ ಎಲ್ಲರ ಗದ್ದೆಯೂ ನಾಟಿಯಾಗಬೇಕಾದ್ದರಿಂದ, ತಂಡ ಕಟ್ಟಿಕೊಂಡು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿಯುವ ಪದ್ಧತಿ ಬೆಳೆಯಿತು. ತಂಡದ ಮುಂದಾಳು ಹೆಂಗಸು ಬದುವಿನ ಮೇಲೆ ನಿಂತು ದರ ಮಾತನಾಡುತ್ತಾಳೆ. ಒಪ್ಪದಿದ್ದರೆ ಮುಂದಿನ ಗದ್ದೆಗೆ ಹೋಗುತ್ತಾಳೆ. ಕೆಲಸ ಅದೇ, ಬಗ್ಗಿದ ಬೆನ್ನೂ ಅದೇ, ಕೌಶಲವೂ ಅದೇ. ಬದಲಾದದ್ದು ದರ ಗೊತ್ತುಮಾಡುವ ರೀತಿ ಮಾತ್ರ. ಅದರೊಂದಿಗೆ ಕೂಲಿಯೂ ಬದಲಾಯಿತು, ಮಾತನಾಡಿಸುವ ಧಾಟಿಯೂ ಬದಲಾಯಿತು. 'ಏ, ಯಾರದು ಆಕಿ' ಎಂದು ಕರೆಯುತ್ತಿದ್ದವರೇ 'ಅಕ್ಕಾ, ನಾಳೆ ನಮ್ಮ ಕಡೆ ಬರ್ರಿ' ಎನ್ನುವುದನ್ನು ನಾನೇ ಕೇಳಿದ್ದೇನೆ. ಗೌರವವು ಕೂಲಿಯ ಹಿಂದಿನಿಂದ ಬರುತ್ತದೆಯೇ ಹೊರತು ಅದರ ಮುಂದೆ ನಡೆಯುವುದಿಲ್ಲವೆಂದು ಅಂದಿನಿಂದ ನನಗೆ ತೋರಿದೆ.

'ಗೌರವಧನ' ಎಂಬ ಹೆಸರು

ಹೆಂಗಸರ ಕೆಲಸಕ್ಕೆ ಬೆಲೆ ಕಟ್ಟುವುದರಲ್ಲಿ ಖಾಸಗಿಯವರನ್ನು ಮಾತ್ರ ದೂರುವಂತಿಲ್ಲ. ಹಳ್ಳಿಗಳಲ್ಲಿ ಹೆಂಗಸರಿಗೆ ಅತಿ ದೊಡ್ಡ ಉದ್ಯೋಗದಾತ ಸರಕಾರವೇ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಅಂದಿನಿಂದ ಅಂಗನವಾಡಿ ಕಾರ್ಯಕರ್ತೆಯರು ಪಡೆಯುತ್ತಿರುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನವೆಂದು ಹೆಸರು. ಸರ್ವೋಚ್ಚ ನ್ಯಾಯಾಲಯವು 2006ರ ಡಿಸೆಂಬರಿನಲ್ಲಿ ಕರ್ನಾಟಕದಿಂದಲೇ ಹೋದ ಅಮೀರ್‌ಬೀ ಪ್ರಕರಣದಲ್ಲಿ, ಇವರು ಸರಕಾರದ ನಾಗರಿಕ ಹುದ್ದೆಯನ್ನು ಹೊಂದಿದವರಲ್ಲವೆಂದು ಹೇಳಿತು. 2022ರ ಏಪ್ರಿಲಿನಲ್ಲಿ ಗುಜರಾತಿನ ಮಣಿಬೇನ್ ಭಾರಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಅಂಗನವಾಡಿಯವರಿಗೆ 1972ರ ಉಪದಾನ ಕಾಯ್ದೆ ಅನ್ವಯಿಸುತ್ತದೆ, ಅಂದರೆ ಅವರಿಗೆ ಗ್ರಾಚ್ಯುಟಿ ಸಲ್ಲತಕ್ಕದ್ದು ಎಂದು ತೀರ್ಪಿತ್ತಿತು. ಈ ಎರಡು ತೀರ್ಪುಗಳ ನಡುವೆ ಹದಿನೈದು ವರ್ಷಗಳಿಗೂ ಮೇಲ್ಪಟ್ಟ ಅಂತರವಿದೆ.

ಶಾಲೆಯ ಬಿಸಿಯೂಟದ ವಿಷಯ ಇನ್ನೂ ಸ್ಪಷ್ಟ. ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ಜಿಲ್ಲೆಯೂ ಸೇರಿದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. ನೂರಾರು ಮಕ್ಕಳಿಗೆ ಹೊತ್ತಿಗೆ ಸರಿಯಾಗಿ, ಹೊಟ್ಟೆ ಕೆಡದಂತೆ ಬೇಯಿಸಿ ಹಾಕುವವರಿಗೆ ಕೇಂದ್ರ ಸರಕಾರ 2009ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ ರೂ. 1,000, ಅದೂ ವರ್ಷದಲ್ಲಿ ಹತ್ತು ತಿಂಗಳು. ರಾಜ್ಯ ಸರಕಾರ ತನ್ನ ಪಾಲನ್ನು ಕಾಲಕಾಲಕ್ಕೆ ಸೇರಿಸುತ್ತ ಬಂದು, 2025-26ರ ಮುಂಗಡಪತ್ರದಲ್ಲಿ ಇನ್ನೊಂದು ರೂ. 1,000 ಹೆಚ್ಚಿಸಿತು. ಊರಿನ ಮದುವೆಗೆ ಬರುವ ಅಡುಗೆ ಭಟ್ಟರಿಗೆ ಒಂದು ದಿನಕ್ಕೆ ನಾವು ಏನು ಕೊಡುತ್ತೇವೆಂದು ಸದಸ್ಯರು ಸ್ವತಃ ಲೆಕ್ಕ ಹಾಕಿಕೊಳ್ಳಬಹುದು. ಅಡುಗೆ ಒಂದೇ, ಗಂಡಸು ಮಾಡಿದರೆ ಕಸುಬು, ಹೆಂಗಸು ಮಾಡಿದರೆ ಸೇವೆ. ಆಶಾ ಕಾರ್ಯಕರ್ತೆಯರ ಕಥೆಯೂ ಇದೇ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರ ಪ್ರಶಸ್ತಿ ಅವರಿಗೆ ಸಂದಿತು. ನಿಗದಿತ ಮೊತ್ತ ಕೊಡಿರೆಂದು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬೀದಿಯಲ್ಲಿ ಮಲಗುವುದು ಅವರಿಗೆ ತಪ್ಪಲಿಲ್ಲ.

ಖಾಸಗಿ ನರ್ಸಿಂಗ್ ಹೋಮ್ ನಡೆಸುವ ಸದಸ್ಯರು ನಮ್ಮಲ್ಲಿ ಇರುವುದರಿಂದ ಒಂದು ಮಾತು. ಸರ್ವೋಚ್ಚ ನ್ಯಾಯಾಲಯದ ಸೂಚನೆಯಂತೆ ಕೇಂದ್ರವು ನೇಮಿಸಿದ ಸಮಿತಿ 2016ರಲ್ಲಿ, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲಿಯೂ ದಾದಿಯರ ಸಂಬಳ ತಿಂಗಳಿಗೆ ರೂ. 20,000ಕ್ಕೆ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ. ಆದರೂ ಎಷ್ಟು ವರ್ಷದ ಹಿಂದಿನ ಮೊತ್ತವದು ಎಂಬುದನ್ನು ಗಮನಿಸಿ ತಮ್ಮ ಸಂಬಳದ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಸಮಾನ ವೇತನ ಕಾಯ್ದೆ 1976ರದ್ದು. ಅದರ ಅಂಶಗಳನ್ನು ಒಳಗೊಂಡ ವೇತನ ಸಂಹಿತೆ 2019ರಲ್ಲಿ ಅಂಗೀಕಾರವಾಗಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಒಂದೇ ಕೆಲಸಕ್ಕೆ, ಅಥವಾ ಒಂದೇ ಬಗೆಯ ಕೆಲಸಕ್ಕೆ ಲಿಂಗದ ಕಾರಣದಿಂದ ಕೂಲಿಯಲ್ಲಿ ಭೇದ ಮಾಡುವಂತಿಲ್ಲ. ಒಂದೇ ಬಗೆಯ ಕೆಲಸವೆಂದರೆ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಈ ನಾಲ್ಕೂ ಒಂದೇ ಆಗಿರುವ ಕೆಲಸ. ವ್ಯಾಪಾರದಲ್ಲಿ ನಷ್ಟವಿದೆ, ಕೊಡಲು ಶಕ್ತಿಯಿಲ್ಲ ಎಂಬ ವಾದ ನಿಲ್ಲುವುದಿಲ್ಲವೆಂಬುದು 1987ರಲ್ಲಿಯೇ ಇತ್ಯರ್ಥವಾಗಿದೆ. ಮುಂಬಯಿಯ ಮ್ಯಾಕಿನನ್ ಮೆಕೆಂಜಿ ಕಂಪನಿಯಲ್ಲಿ 'ಮಹಿಳಾ ಶೀಘ್ರಲಿಪಿಕಾರರು' ಎಂಬ ಬೇರೆಯದೇ ವರ್ಗ ಮಾಡಿ, ಗಂಡಸರಿಗಿಂತ ಕಡಿಮೆ ಸಂಬಳ ಕೊಡಲಾಗುತ್ತಿತ್ತು. ಆಡ್ರೆ ಡಿಕೋಸ್ಟಾ ಎಂಬುವರು ನ್ಯಾಯಾಲಯಕ್ಕೆ ಹೋದರು. ಹೆಸರು ಬೇರೆ ಇಟ್ಟ ಮಾತ್ರಕ್ಕೆ ಕೆಲಸ ಬೇರೆಯಾಗದು, ಕಂಪನಿಯ ಹಣಕಾಸಿನ ಸ್ಥಿತಿಗೂ ಕಾಯ್ದೆಗೂ ಸಂಬಂಧವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ನಮ್ಮ ಗಂಡಾಳು ಹೆಣ್ಣಾಳುಗಳ ಎರಡು ದರಗಳೂ ಒಂದೇ ಕೆಲಸಕ್ಕಾಗಿದ್ದರೆ ಈ ತೀರ್ಪಿನ ಕೈಗೆ ನೇರವಾಗಿ ಸಿಗುತ್ತವೆ.

ಆದರೆ ಕೂದಲು ಬಿಡಿಸುವುದರಲ್ಲಿಯೂ ಕ್ರಾಸಿಂಗ್ ಮಾಡುವುದರಲ್ಲಿಯೂ ಹೋಲಿಸಿ ನೋಡಲು ಗಂಡಸೇ ಇಲ್ಲ. ಕೆಲಸ ಪೂರ್ತಿಯಾಗಿ ಹೆಂಗಸರದಾದರೆ ಭೇದ ಮಾಡಿದ್ದಾರೆಂದು ತೋರಿಸುವುದಕ್ಕೆ ದಾರಿಯಿಲ್ಲ. ಇದು ನಮ್ಮ ಕಾನೂನಿನ ಕೊರತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1951ರ 100ನೆಯ ಒಡಂಬಡಿಕೆ ಹೇಳುವುದು 'ಸಮಾನ ಮೌಲ್ಯದ ಕೆಲಸ' ಎಂದು; ಭಾರತ ಅದನ್ನು 1958ರಲ್ಲಿಯೇ ಒಪ್ಪಿ ಸಹಿ ಹಾಕಿದೆ. ಮೌಲ್ಯ ಎಂಬ ಮಾತು ಬಂದರೆ ಹಮಾಲಿಯನ್ನೂ ಕೂದಲು ಬಿಡಿಸುವುದನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದು. 'ಒಂದೇ ಬಗೆಯ ಕೆಲಸ' ಎಂದರೆ ಇಡಲಾಗದು.

ಮನೆಗೆ ಕೊಟ್ಟು ಮಾಡಿಸುವ ಕೆಲಸಕ್ಕೆ ನಾವು ಹೊಣೆಯಲ್ಲವೆಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಅದಕ್ಕೂ ಎಚ್ಚರ ಬೇಕು. ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ 1973ರಲ್ಲಿ ಸರ್ವೋಚ್ಚ ನ್ಯಾಯಾಲಯ ತುಂಡುಗೂಲಿಯ ದರ್ಜಿಗಳನ್ನು ಕೆಲಸಗಾರರೆಂದೇ ಎಣಿಸಿತು. ಹೊಲಿಗೆ ಸರಿಯಿಲ್ಲವೆಂದು ಹಿಂದಿರುಗಿಸುವ ಹಕ್ಕು ಅಂಗಡಿಯವನಿಗಿತ್ತು ಎಂಬುದಕ್ಕೆ ಅದು ಹೆಚ್ಚಿನ ತೂಕ ಕೊಟ್ಟಿತು. ನಾವು ಕೂದಲಿನ ಪೊಟ್ಟಣವನ್ನು ಬಿಚ್ಚಿ ನೋಡಿ, 'ಸರಿಯಾಗಿಲ್ಲ, ಮತ್ತೆ ಮಾಡಿಕೊಂಡು ಬಾ' ಎಂದು ಹಿಂದಕ್ಕೆ ಕೊಡುವುದಿಲ್ಲವೇ?

ಹೊರಗಿನ ಎರಡು ನಿದರ್ಶನ

1968ರಲ್ಲಿ ಇಂಗ್ಲೆಂಡಿನ ಡ್ಯಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಆಸನದ ಹೊದಿಕೆ ಹೊಲಿಯುವ ಹೆಂಗಸರು ಕೆಲಸ ನಿಲ್ಲಿಸಿದರು. ಕಂಪನಿಯು ಹೊಸದಾಗಿ ಮಾಡಿದ ವರ್ಗೀಕರಣದಲ್ಲಿ ಅವರ ಕೆಲಸಕ್ಕೆ ಕುಶಲವಲ್ಲದ ದರ್ಜೆ ಸಿಕ್ಕಿತ್ತು. ಹೊದಿಕೆ ಇಲ್ಲದೆ ಕಾರು ಹೊರಬೀಳುವಂತಿರಲಿಲ್ಲ. ಕೆಲವೇ ವಾರಗಳಲ್ಲಿ ಕಾರ್ಖಾನೆಯೇ ನಿಂತಿತು. ಕೂಲಿ ಏರಿತು, ಅದರ ಬೆನ್ನಿಗೆ 1970ರ ಸಮಾನ ವೇತನ ಕಾಯ್ದೆಯೂ ಬಂತು. ಆದರೆ ಅವರು ಮೊದಲು ಕೇಳಿದ್ದು ಕುಶಲ ಕೆಲಸವೆಂಬ ದರ್ಜೆ. ಅದು ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ನಂತರ. ಹಣ ಕೊಡುವುದಕ್ಕಿಂತ ಕೌಶಲವೆಂದು ಒಪ್ಪಿಕೊಳ್ಳುವುದು ಮಾಲಿಕರಿಗೆ ಕಷ್ಟವೆಂಬುದು ಇದರಿಂದ ತಿಳಿಯುತ್ತದೆ.

ಕಡಿಮೆ ಕೂಲಿಯ ಕೆಲಸವನ್ನು ಹೆಂಗಸರೇ ಆರಿಸಿಕೊಳ್ಳುತ್ತಾರೆ, ಕೆಲಸದ ಬೆಲೆಗೂ ಅವರಿಗೂ ಸಂಬಂಧವಿಲ್ಲ ಎಂಬ ವಾದವೊಂದಿದೆ. ಅಮೆರಿಕದ 1950ರಿಂದ 2000ದವರೆಗಿನ ಜನಗಣತಿಯ ಅಂಕಿಗಳನ್ನು ಇಟ್ಟುಕೊಂಡು ಲೆವನಾನ್, ಇಂಗ್ಲೆಂಡ್, ಅಲಿಸನ್ ಎಂಬ ಮೂವರು ಸಮಾಜಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಒಂದು ವೃತ್ತಿಯಲ್ಲಿ ಹೆಂಗಸರ ಪ್ರಮಾಣ ಹೆಚ್ಚಿದ ಮೇಲೆ ಆ ವೃತ್ತಿಯ ವೇತನ ಇಳಿಯುವುದೇ ಅವರಿಗೆ ಹೆಚ್ಚಾಗಿ ಕಂಡುಬಂದದ್ದು. ಕೆಲಸಕ್ಕೆ ಬೇಕಾದ ವಿದ್ಯೆ, ಕೌಶಲಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಹಾಗೆಯೇ. ಅಮೆರಿಕದ ಅಂಕಿಗಳು ಯಲಬುರ್ಗಾಕ್ಕೆ ಪ್ರಮಾಣವಲ್ಲ, ನಿಜ. ಆದರೆ ಅಡತಿ ಅಂಗಡಿಯ ಕಿರ್ದಿಯಲ್ಲಿ ನಾನು ಕಂಡದ್ದಕ್ಕೆ ಅದು ವಿರುದ್ಧವಾಗಿಲ್ಲ.

ತುಂಡು ದರ ಕಟ್ಟುವ ಬಗೆ

ಇನ್ನು ಕೈಯಲ್ಲಿ ಆಗುವ ಮಾತು. ತುಂಡು ದರವನ್ನು ಅಂದಾಜಿನ ಮೇಲೆ ಅಥವಾ ಪಕ್ಕದವನು ಕೊಡುವುದನ್ನು ನೋಡಿ ಕಟ್ಟುವುದು ನಮ್ಮ ರೂಢಿ. ಸರಿಯಾದ ಕ್ರಮ ಬೇರೆ. ಕೈ ಪಳಗಿದ, ಆದರೆ ಅತಿ ಚುರುಕಲ್ಲದ ನಾಲ್ಕೈದು ಮಂದಿಯನ್ನು ಎಂಟು ಗಂಟೆ ಕೂರಿಸಿ, ಮಧ್ಯೆ ಬಿಡುವು ಕೊಟ್ಟು, ಸರಾಸರಿ ಎಷ್ಟು ಕೆಲಸವಾಗುತ್ತದೆ ಎಂದು ನೋಡಬೇಕು. ಉದಾಹರಣೆಗೆ ಮಾತ್ರ ಹೇಳುವುದಾದರೆ, ಎಂಟು ಗಂಟೆಗೆ 5 ಪೊಟ್ಟಣ ಆಯಿತೆನ್ನಿ. ಆ ಕೆಲಸಕ್ಕೆ ಸಲ್ಲತಕ್ಕ ದಿನಗೂಲಿ ರೂ. 400 ಎನ್ನಿ. ಆಗ ಪೊಟ್ಟಣದ ದರ ರೂ. 80. ಈಗ ಕೊಡುತ್ತಿರುವುದು ರೂ. 30 ಆಗಿದ್ದರೆ ಆಕೆಯ ದಿನಗೂಲಿ ರೂ. 150 ಮಾತ್ರ ಎಂದಾಯಿತು. ಪೊಟ್ಟಣದ ಲೆಕ್ಕದಲ್ಲಿ ಕಾಣದಿದ್ದದ್ದು ದಿನದ ಲೆಕ್ಕಕ್ಕೆ ತಿರುಗಿಸಿದ ಕೂಡಲೇ ಕಾಣುತ್ತದೆ. ಕನಿಷ್ಠ ಕಾಲದರವಷ್ಟೇ ಗೊತ್ತಾಗಿರುವಲ್ಲಿ ತುಂಡುಗೂಲಿಯವರಿಗೆ ಅದಕ್ಕಿಂತ ಕಡಿಮೆ ಬೀಳಕೂಡದೆಂಬುದು ಕಾನೂನಿನ ನಿಯಮವೂ ಹೌದು.

ದಿನಗೂಲಿ ಎಷ್ಟೆಂಬುದಕ್ಕೆ ಹಮಾಲಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಕಲಿಯಲು ಬೇಕಾದ ಕಾಲ, ದೇಹದ ಶ್ರಮ, ಕೆಟ್ಟರೆ ಆಗುವ ನಷ್ಟ, ಕೆಲಸ ಮಾಡುವ ಸ್ಥಳದ ಸ್ಥಿತಿ ಈ ನಾಲ್ಕನ್ನು ಎರಡಕ್ಕೂ ಬರೆದು ನೋಡಿ. ಶ್ರಮದಲ್ಲಿ ಹಮಾಲ ಮುಂದಿರುತ್ತಾನೆ. ಕಲಿಕೆಯಲ್ಲಿ, ಕೆಟ್ಟರೆ ಆಗುವ ನಷ್ಟದಲ್ಲಿ ಕೂದಲು ಬಿಡಿಸುವವಳೋ ಕ್ರಾಸಿಂಗ್ ಮಾಡುವವಳೋ ಮುಂದಿರುತ್ತಾಳೆ. ಸ್ಥಳದ ಸ್ಥಿತಿಯಲ್ಲಿ ಕಣ್ಣಿನ ಆಯಾಸ, ಕೂದಲಿನ ಧೂಳು, ಕುತ್ತಿಗೆ ನೋವು ಇವನ್ನು ಬರೆಯಲು ಮರೆಯಬಾರದು. ಎರಡರ ಕೂಲಿಯಲ್ಲಿ ಈಗ ಇರುವ ಅಂತರಕ್ಕೆ ಆ ಹಾಳೆಯ ಮೇಲೆ ಸಮರ್ಥನೆ ಸಿಗುತ್ತದೆಯೇ ನೋಡಿ. ಕೂದಲಿಗಾದರೆ ತೂಕದ ದರದ ಮೇಲೆ ಉದ್ದ ಉಳಿಸಿದ್ದಕ್ಕೆ ಬೇರೆ ದರ ಇಡುವುದು ಉದ್ದಿಮೆಗೇ ಲಾಭ.

ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತು. ಬೆಲೆ ನಿರ್ಧಾರವಾಗುವುದು ಚೀನಾದಲ್ಲಿ, ಬೀಜದ ದರ ಕಂಪನಿಯ ಕೈಯಲ್ಲಿ. ಒಬ್ಬನೇ ಹೆಚ್ಚು ಕೊಟ್ಟರೆ ಅವನೊಬ್ಬ ಮುಳುಗುತ್ತಾನೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದ್ದರಿಂದಲೇ ಇದು ಒಬ್ಬೊಬ್ಬರ ಔದಾರ್ಯಕ್ಕೆ ಬಿಡುವ ವಿಷಯವಲ್ಲ. ಹಮಾಲಿ ದರವನ್ನು ಹೇಗೆ ಎಲ್ಲರೂ ಕುಳಿತು ಎಲ್ಲರಿಗೂ ಒಂದೇ ಎಂದು ಮಾಡುತ್ತೇವೋ ಹಾಗೆ ಮಾಡತಕ್ಕದ್ದು. ಹಮಾಲಿ ದರ ಏರಿದಾಗಲೆಲ್ಲ ಪೇಟೆ ಮುಳುಗುತ್ತದೆಂದು ಹೇಳಿದವರಿದ್ದರು, ಪೇಟೆ ಇದೆ. ಗೃಹಲಕ್ಷ್ಮಿಯ ರೂ. 2,000 ಬಂದ ಮೇಲೆ ಹೆಂಗಸರು ಕೆಲಸಕ್ಕೆ ಬರುವುದಿಲ್ಲವೆಂಬ ದೂರೂ ಇದೆ. ತಿಂಗಳಿಗೆ ಎರಡು ಸಾವಿರ ರೂಪಾಯಿಗೆ ಒಬ್ಬಾಕೆ ನಮ್ಮ ಕೆಲಸವನ್ನು ಬಿಡಬಲ್ಲಳಾದರೆ ನಾವು ಆಕೆಗೆ ಕೊಡುತ್ತಿದ್ದುದು ಎಷ್ಟು? 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ ರೂ. 370 ಎಂದು ನಿಗದಿಯಾಗಿತ್ತು; ಗಂಡು ಹೆಣ್ಣೆಂಬ ಎರಡು ದರ ಅಲ್ಲಿರಲಿಲ್ಲ. ಕೆರೆಯ ಹೂಳು ತೆಗೆಯಲು ಹೋಗುತ್ತಿದ್ದವರು ಸೋಮಾರಿಗಳಾಗಿರಲಿಲ್ಲ, ಲೆಕ್ಕ ಬಲ್ಲವರಾಗಿದ್ದರು. 2023ರ ಜೂನಿನಿಂದ ಬಸ್ಸಿನ ಪ್ರಯಾಣವೂ ಉಚಿತವಾದ್ದರಿಂದ, ಒಂದು ಊರಿನ ದರ ಒಪ್ಪದಿದ್ದವರು ಇನ್ನೊಂದು ಊರಿಗೆ ಹೋಗಿ ಬರಬಲ್ಲರು.

ಖರ್ಚಿಲ್ಲದ ಕೆಲವು ಕೆಲಸಗಳೂ ಇವೆ. ಪೊಟ್ಟಣ ತೂಗುವ ತಕ್ಕಡಿಯ ಮುಖ ಆಕೆಗೂ ಕಾಣುವಂತೆ ತಿರುಗಿಸಿಡುವುದು. ತೂಗಿದ್ದನ್ನು ಆಕೆಯ ಚೀಟಿಯಲ್ಲಿಯೂ ಬರೆದುಕೊಡುವುದು. ಸರಕು ಒಪ್ಪಿಸಲು ಬಂದವರನ್ನು ಅರ್ಧ ದಿನ ಬಿಸಿಲಲ್ಲಿ ಕೂರಿಸದಿರುವುದು. ಹೆಂಗಸರು ಬಂದುಹೋಗುವ ಗೋದಾಮಿನಲ್ಲಿ ಒಂದು ಶೌಚಾಲಯ, ಒಂದು ಕೊಡ ನೀರು. ತಿರಸ್ಕರಿಸಿದ ಪೊಟ್ಟಣಕ್ಕೆ ಕಾರಣ ಹೇಳಿ ಬರೆಯುವುದು ಇನ್ನೂ ಮುಖ್ಯ. ಜಗಳವಾಗುವುದು ಹೆಚ್ಚಾಗಿ ಅಲ್ಲಿಯೇ.

ಕೂಲಿಯ ಪುಸ್ತಕಕ್ಕೆ ಇಷ್ಟು ಕಲಮು ಸಾಕು: ಹೆಸರು, ಊರು, ಕೊಟ್ಟ ಸರಕಿನ ತೂಕ, ಬಂದ ಸರಕಿನ ತೂಕ, ದರ, ಮೊತ್ತ, ತಿರಸ್ಕರಿಸಿದ್ದು ಮತ್ತು ಅದರ ಕಾರಣ, ಸಹಿ ಅಥವಾ ಹೆಬ್ಬೆಟ್ಟು. ನಾನು ಕೆಲಸ ಮಾಡಿದ ಆ ಅಡತಿ ಅಂಗಡಿಯಲ್ಲಿ ಯಜಮಾನರ ಮಗ ಗಲ್ಲೆಗೆ ಕುಳಿತ ಮೇಲೆ, ಲೆಕ್ಕ ಪರಿಶೋಧಕರ ಒತ್ತಾಯಕ್ಕೆ, ಹೆಣ್ಣಾಳಿನ ಸಾಲು ಒಡೆದು ಹದಿನಾಲ್ಕು ಹೆಸರುಗಳಾದವು. ಮೊದಲ ದಿನ ಹೆಸರು ಕೇಳಿದಾಗ ಅವರಲ್ಲಿ ಒಬ್ಬರು, 'ಯಾಕ್ರೀ, ಕೆಲಸದಿಂದ ತೆಗೀತೀರೇನು?' ಎಂದು ಗಾಬರಿಯಿಂದ ಕೇಳಿದರು. ಅವರು ಅಲ್ಲಿ ಹನ್ನೊಂದು ವರ್ಷದಿಂದ ಇದ್ದವರು.